ಮಂತ್ರಿ ಉತ್ತರಿಸುವ ಹೊತ್ತು: ಕುವೈತ್‌ನ ಸದನ ಮತ್ತು ಮತವಿಲ್ಲದ ನಮ್ಮವರು



ಕುವೈತ್ ಸಂವಿಧಾನದ 99ನೆಯ ವಿಧಿ ಬಹಳ ಚಿಕ್ಕದು. ರಾಷ್ಟ್ರೀಯ ಸಭೆಯ ಯಾವ ಸದಸ್ಯನಾದರೂ ಪ್ರಧಾನಿಗೆ ಅಥವಾ ಮಂತ್ರಿಗೆ, ಅವರವರ ಅಧಿಕಾರವ್ಯಾಪ್ತಿಯ ವಿಷಯದ ಬಗ್ಗೆ ಸ್ಪಷ್ಟನೆ ಬಯಸಿ ಪ್ರಶ್ನೆ ಹಾಕಬಹುದು. ಬಂದ ಉತ್ತರದ ಮೇಲೆ ಪ್ರಶ್ನೆ ಹಾಕಿದವನೊಬ್ಬನೇ, ಒಂದು ಸಲ ಮಾತ್ರ, ಮಾತನಾಡಬಹುದು. ಇದರ ನಂತರದ ಮೂರು ವಿಧಿಗಳ ಬಗ್ಗೆ ಅರಬ್ ಜಗತ್ತಿನಲ್ಲಿ ಗ್ರಂಥಗಳೇ ಬಂದಿವೆ. ಈ ಪುಟ್ಟ ವಿಧಿಯ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಪ್ರಜೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಸಾದಾ ಲಿಖಿತ ಪ್ರಶ್ನೆಯೇ ಎಂಬುದು ನನ್ನ ನಂಬಿಕೆ. ಅದರಲ್ಲೂ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಮನುಷ್ಯನಿಗೆ ಅದು ಬಿಟ್ಟರೆ ಬೇರೆ ಆಸರೆ ಇಲ್ಲ. ಈ ಮಾತನ್ನು ಇಂದು ತಮ್ಮ ಮುಂದೆ ಸಮರ್ಥಿಸಿಕೊಳ್ಳಬೇಕಾಗಿದೆ.

ಕನ್ನಡದ ಸಭೆಯಲ್ಲಿ ಕುವೈತ್‌ನ ಮಾತೇಕೆ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡುಗಳ ಎಷ್ಟೋ ಮನೆಗಳಲ್ಲಿ ತಂಗಿಯ ಮದುವೆ, ತಮ್ಮನ ಇಂಜಿನಿಯರಿಂಗ್ ಫೀಸು, ಮನೆಯ ಆರ್‌ಸಿಸಿ ತಾರಸಿ ಎಲ್ಲವೂ ಆದದ್ದು ಅಲ್ಲಿಯ ದಿನಾರಿನಿಂದ. ಸಂಬಂಧ ಎಣ್ಣೆಗಿಂತಲೂ ಹಳೆಯದು. 1961ರವರೆಗೆ ಕುವೈತ್‌ನ ಪೇಟೆಯಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಇಂದು ಅಲ್ಲಿ ಭಾರತೀಯರ ಸಂಖ್ಯೆ ಹತ್ತು ಲಕ್ಷದಷ್ಟಿದೆ. ಅಂದರೆ ಆ ದೇಶದಲ್ಲಿ ಐದರಲ್ಲಿ ಒಬ್ಬರು ನಮ್ಮವರು. ಅವರ ಬಸ್ಸು, ಅವರ ರಸ್ತೆ, ಅವರ ಇಖಾಮಾ ಎಂಬ ವಾಸದ ಪರವಾನಗಿ, ಅವರ ಆಸ್ಪತ್ರೆಯ ಶುಲ್ಕ ಇವೆಲ್ಲ ತೀರ್ಮಾನವಾಗುವುದು ಅವರ ಓಟಿಲ್ಲದ ಜಾಗದಲ್ಲಿ.

ಪ್ರಶ್ನೆಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ದಿವಾನರು ರಾಜ್ಯದ ಲೆಕ್ಕಪತ್ರ ಒಪ್ಪಿಸುವುದು, ರೈತರೂ ವರ್ತಕರೂ ಕೆರೆ, ರಸ್ತೆ, ಕಂದಾಯಗಳ ಅಹವಾಲು ಹೇಳಿಕೊಳ್ಳುವುದು, ದಿವಾನರು ಉತ್ತರ ಕೊಡುವುದು ಅಲ್ಲಿಂದ ರೂಢಿಯಾಯಿತು. ಆ ಸಭೆಗೆ ದಿವಾನರನ್ನು ಇಳಿಸುವ ಶಕ್ತಿ ಇರಲಿಲ್ಲ. ಆದರೆ ಅಹವಾಲೂ ಉತ್ತರವೂ ಅಚ್ಚಾಗುತ್ತಿದ್ದವು. ಒಂದು ವರ್ಷ ಕೊಟ್ಟ ಮಾತನ್ನು ಮರುವರ್ಷ ಎತ್ತಿ ತೋರಿಸುವುದಕ್ಕೆ ಅಷ್ಟು ಸಾಕಾಗಿತ್ತು.

ಕುವೈತ್‌ನಲ್ಲಿ ಇಂಥದ್ದೇ ಒಂದು ಪ್ರಯತ್ನ ನಡೆದದ್ದು 1938ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತ್ತು. ಬೇಸಗೆಯಲ್ಲಿ ಪಟ್ಟಣದ ಪ್ರಮುಖ ವರ್ತಕ ಕುಟುಂಬಗಳು ಸೇರಿ 14 ಮಂದಿಯ ಒಂದು ಮಜ್ಲಿಸನ್ನು ಆರಿಸಿದವು. ರಾಜ್ಯದ ವರಮಾನ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಹೊರಟ ಆ ಸಭೆ ವರ್ಷದ ಕೊನೆಯಷ್ಟರಲ್ಲಿ ಮುಚ್ಚಿಹೋಯಿತು. ಅದರ ಅಧ್ಯಕ್ಷತೆ ವಹಿಸಿದ್ದವರು ಆಳುವ ಮನೆತನದವರೇ ಆದ ಅಬ್ದುಲ್ಲಾ ಅಲ್-ಸಾಲಿಂ. ಮುಂದೆ ಅವರೇ ಅಮೀರರಾದರು, 1961ರ ಜೂನ್‌ನಲ್ಲಿ ದೇಶ ಸ್ವತಂತ್ರವಾದಾಗ ಸಂವಿಧಾನ ರಚನಾ ಸಭೆ ಕರೆದರು, 1962ರ ನವೆಂಬರ್ 11ರಂದು ಸಂವಿಧಾನಕ್ಕೆ ಅಂಕಿತ ಹಾಕಿದರು. ಅರ್ಧ ವರ್ಷವೂ ಬಾಳದ ಸಭೆಯ ಅಧ್ಯಕ್ಷರು ಸುಮಾರು ಕಾಲು ಶತಮಾನದ ನಂತರ ಪ್ರಶ್ನೆ ಕೇಳುವ ಹಕ್ಕನ್ನು ಬರಹದಲ್ಲಿ ಕೊಟ್ಟುಹೋದರು ಎಂಬುದು ಕೊಲ್ಲಿಯ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಸಂಗತಿ.

ಆ ಸಂವಿಧಾನದ ಏರ್ಪಾಡು ಹೀಗಿದೆ. ಚುನಾಯಿತ ಸದಸ್ಯರು 50. ಮಂತ್ರಿಗಳ ಸಂಖ್ಯೆ ಅದರ ಮೂರನೆಯ ಒಂದು ಭಾಗವನ್ನು ಮೀರಬಾರದು. ಮಂತ್ರಿಗಳನ್ನು ನೇಮಿಸುವವರು ಅಮೀರರು. ಮಂತ್ರಿಯಾದವರು ಚುನಾವಣೆಗೆ ನಿಲ್ಲದಿದ್ದರೂ ಹುದ್ದೆಯ ಬಲದಿಂದಲೇ ಸದನದ ಸದಸ್ಯರಾಗುತ್ತಾರೆ, ಮಸೂದೆಗಳಿಗೆ ಮತ ಹಾಕುತ್ತಾರೆ. 2005ರ ಮೇ 16ರಂದು ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟ ಮಸೂದೆ 35-23 ಮತಗಳಿಂದ ಗೆದ್ದದ್ದರಲ್ಲಿ ಮಂತ್ರಿಗಳ ಮತವೂ ಇತ್ತು. ಆದರೆ ಮಂತ್ರಿಯೊಬ್ಬರ ಮೇಲಿನ ಅವಿಶ್ವಾಸದ ಪ್ರಶ್ನೆ ಬಂದಾಗ ಮಂತ್ರಿಗಳು ಮತ ಹಾಕುವಂತಿಲ್ಲ. ಅಲ್ಲಿ ಚುನಾಯಿತರದ್ದೇ ಕೊನೆಯ ಮಾತು.

ಮಂತ್ರಿಯನ್ನು ಹೊಣೆ ಮಾಡಲು ಸದಸ್ಯ ಹತ್ತುವ ಮೆಟ್ಟಿಲುಗಳು ಮೂರು. ಮೊದಲನೆಯದು 99ನೆಯ ವಿಧಿಯ ಪ್ರಶ್ನೆ. ಎರಡನೆಯದು 100ನೆಯ ವಿಧಿಯ ಇಸ್ತಿಜ್ವಾಬ್, ಅಂದರೆ ಮಂತ್ರಿಯನ್ನು ಸದನದಲ್ಲಿ ನಿಲ್ಲಿಸಿ ನಡೆಸುವ ವಿಚಾರಣೆ. ನೋಟಿಸು ಕೊಟ್ಟು ಕನಿಷ್ಠ ಎಂಟು ದಿನ ಕಳೆಯುವ ಮುಂಚೆ, ತುರ್ತು ಸಂದರ್ಭದ ಹೊರತು, ಅದನ್ನು ಎತ್ತಿಕೊಳ್ಳುವಂತಿಲ್ಲ. ಮೂರನೆಯದು 101ನೆಯ ವಿಧಿ: ವಿಚಾರಣೆ ಮುಗಿದ ಮೇಲೆ ಹತ್ತು ಸದಸ್ಯರು ಸಹಿ ಹಾಕಿದರೆ ಅವಿಶ್ವಾಸದ ಕೋರಿಕೆ, ಏಳು ದಿನ ಬಿಟ್ಟು ಮತದಾನ. ಪ್ರಧಾನಿಯ ವಿಷಯದಲ್ಲಿ ಮಾತ್ರ ಅವಿಶ್ವಾಸವಿಲ್ಲ; ಇವರೊಡನೆ ಸಹಕರಿಸಲಾಗದು ಎಂದು ಸದನ ನಿರ್ಣಯಿಸಬಹುದು, ಆಗ ಅಮೀರರು ಪ್ರಧಾನಿಯನ್ನೋ ಸದನವನ್ನೋ ಬಿಡಬೇಕು. 2009ರ ಡಿಸೆಂಬರ್‌ನಲ್ಲಿ ಪ್ರಧಾನಿ ಶೇಖ್ ನಾಸರ್ ಅಲ್-ಮೊಹಮ್ಮದ್ ಅವರು ಗುಪ್ತ ಅಧಿವೇಶನದಲ್ಲಿ ವಿಚಾರಣೆಗೆ ನಿಂತರು. ಆಳುವ ಮನೆತನದ ಪ್ರಧಾನಿಯೊಬ್ಬರು ಚುನಾಯಿತರ ಮುಂದೆ ಹೀಗೆ ನಿಂತದ್ದು ಕೊಲ್ಲಿಯಲ್ಲಿ ಅದೇ ಮೊದಲು. ಅಸಹಕಾರದ ನಿರ್ಣಯ ಬಿದ್ದುಹೋಯಿತು, ಅವರು ಉಳಿದರು. ಸೋತ ನಿರ್ಣಯವೂ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿತು.

ಬಂಧುಗಳೆ, ಈ ಮೆಟ್ಟಿಲುಗಳಲ್ಲಿ ಮೇಲಿನವು ಹೊಳೆಯುತ್ತವೆ. ಪತ್ರಿಕೆಯ ಮುಖಪುಟ ಅವಕ್ಕೆ ಮೀಸಲು. ಆದರೆ ಮೊದಲನೆಯ ಮೆಟ್ಟಿಲನ್ನು ಸರಿಯಾಗಿ ತುಳಿಯದೆ ಮೇಲಕ್ಕೆ ನೆಗೆದಾಗ ಏನಾಗುತ್ತದೆ ಎಂಬುದಕ್ಕೆ ಕುವೈತ್‌ನ ರಸ್ತೆಗಳೇ ಸಾಕ್ಷಿ.

2018ರ ನವೆಂಬರ್‌ನಲ್ಲಿ ಅಲ್ಲಿ ಎಂದೂ ಕಾಣದಂಥ ಮಳೆ ಸುರಿಯಿತು. ಅಂಡರ್‌ಪಾಸುಗಳು ಕೆರೆಯಾದವು, ಮನೆಗಳಿಗೆ ನೀರು ನುಗ್ಗಿತು, ವಿಮಾನ ನಿಲ್ದಾಣದಲ್ಲಿ ಹಾರಾಟ ನಿಂತಿತು. ಲೋಕೋಪಯೋಗಿ ಮಂತ್ರಿ ಹುಸಾಮ್ ಅಲ್-ರೂಮಿ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮಳೆ ಹೋದ ಮೇಲೂ ರಸ್ತೆಯ ಕಷ್ಟ ಹೋಗಲಿಲ್ಲ. ಡಾಂಬರಿನ ಹಿಡಿತ ಬಿಟ್ಟು ಜಲ್ಲಿ ಮೇಲೆದ್ದಿತ್ತು. ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಕಲ್ಲು ಹಿಂದಿನ ಗಾಡಿಯ ಗಾಜಿಗೆ ಬಡಿಯುವುದು, ಗಾಜಿನ ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು ಮೂಡುವುದು ದಿನನಿತ್ಯದ ಮಾತಾಯಿತು. ಕುವೈತ್‌ನಲ್ಲಿ 'ಹಾರುವ ಜಲ್ಲಿ' ಎಂಬುದೇ ಒಂದು ರಾಜಕೀಯ ವಿಷಯವಾಗಿಬಿಟ್ಟಿತು. ಕಂಪನಿಯ ಪಿಕಪ್ ಓಡಿಸುವವನಿಗೂ ಮಂತ್ರಿಯ ಕಾರಿಗೂ ಆ ಜಲ್ಲಿ ಒಂದೇ ಸಮ ಸಿಡಿಯುತ್ತಿತ್ತು. ಗಾಜಿನ ಖರ್ಚನ್ನು ಭರಿಸುವ ಶಕ್ತಿಯಲ್ಲಿ ಮಾತ್ರ ಅಜಗಜಾಂತರ.

ರೂಮಿ ಅವರ ನಂತರ ಆ ಖಾತೆ ಬಂದದ್ದು ಜಿನಾನ್ ಬೂಶೆಹ್ರಿ ಅವರಿಗೆ. ಯಾವ ಗುತ್ತಿಗೆದಾರ ಯಾವ ರಸ್ತೆ ಮಾಡಿದ, ಡಾಂಬರಿನ ಮಿಶ್ರಣವನ್ನು ಯಾರು ಪರೀಕ್ಷಿಸಿದರು, ಖಾತರಿ ಅವಧಿ ಎಷ್ಟು, ದುರಸ್ತಿಯ ಖರ್ಚು ಯಾರ ತಲೆಗೆ? ಇವು ಕೇಳಬೇಕಾದ ಪ್ರಶ್ನೆಗಳು. ಒಂದೊಂದಕ್ಕೂ ಕಡತದಲ್ಲಿ ಉತ್ತರ ಇರುವಂಥವು. 2019ರ ನವೆಂಬರ್ 12ರ ಮಂಗಳವಾರ ಬೂಶೆಹ್ರಿ ಅವರು ವಿಚಾರಣೆಗೆ ನಿಂತರು, ಗಂಟೆಗಟ್ಟಲೆ ವಾದ ನಡೆಯಿತು, ಹತ್ತು ಸದಸ್ಯರು ಅವಿಶ್ವಾಸದ ಕಾಗದಕ್ಕೆ ಸಹಿ ಹಾಕಿದರು. ಮತದಾನದವರೆಗೂ ಅವರು ಕಾಯಲಿಲ್ಲ. ಗುತ್ತಿಗೆ ಕಂಪನಿಗಳ ಹಿತಾಸಕ್ತಿ ಈ ಸದನಕ್ಕಿಂತ ಬಲವಾಗಿದೆ ಎಂಬ ಅರ್ಥದ ಮಾತನ್ನಾಡಿ ಅಲ್ಲೇ, ವೇದಿಕೆಯ ಮೇಲಿಂದಲೇ, ರಾಜೀನಾಮೆ ಘೋಷಿಸಿದರು. ಎರಡು ದಿನದಲ್ಲಿ ಇಡೀ ಸಂಪುಟವೇ ರಾಜೀನಾಮೆ ಕೊಟ್ಟಿತು.

ಅಲ್ಲಿಗೆ ಆ ವಿಚಾರಣೆ ಮುಗಿಯಿತು. ಮಂತ್ರಿ ಹೋದರು, ಜಲ್ಲಿ ಉಳಿಯಿತು. ರಸ್ತೆಗಳ ದೂರು ಮುಂದೆಯೂ ವರ್ಷಗಳ ಕಾಲ ನಡೆದೇ ಇತ್ತು. ಎರಡು ವರ್ಷದೊಳಗೆ ಒಂದೇ ರಸ್ತೆಯ ವಿಷಯಕ್ಕೆ ಇಬ್ಬರು ಮಂತ್ರಿಗಳು ಹುದ್ದೆ ಬಿಟ್ಟದ್ದನ್ನು ಸದನದ ಗೆಲುವೆಂದು ಕರೆಯಲು ನನಗೆ ಮನಸ್ಸು ಬಾರದು. ಹೊಸ ಮಂತ್ರಿ ಬಂದಾಗ ಕಡತ ಮೊದಲ ಪುಟದಿಂದ ತೆರೆಯುತ್ತದೆ. ಹಳೆಯ ಮಂತ್ರಿ ಹೇಳಬೇಕಾಗಿದ್ದ ಉತ್ತರ ಅವರೊಂದಿಗೇ ಹೊರಟುಹೋಗುತ್ತದೆ. ಬೂಶೆಹ್ರಿ ಅವರ ಕಥೆಗೆ ಮತ್ತೊಂದು ಅಧ್ಯಾಯವಿದೆ. 2022ರ ಚುನಾವಣೆಯಲ್ಲಿ ಅವರು ಜನರಿಂದ ಆರಿಸಿ ಬಂದರು, 2024ರ ಏಪ್ರಿಲ್‌ನಲ್ಲಿ ಗೆದ್ದ ಏಕೈಕ ಮಹಿಳೆಯೂ ಅವರೇ. ಉತ್ತರಿಸುವ ಕುರ್ಚಿಯಿಂದ ಪ್ರಶ್ನೆ ಕೇಳುವ ಕುರ್ಚಿಗೆ ಮತದಾರರೇ ಅವರನ್ನು ಕರೆತಂದರು. ಆ ದೇಶದ ಮತದಾರನ ವಿವೇಕದ ಬಗ್ಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ವ್ಯಾಪಾರದ ಕ್ಷೇತ್ರದಲ್ಲಿ, ಮೊದಲ ಮೆಟ್ಟಿಲು ಬಿಟ್ಟು ಮೇಲಕ್ಕೆ ನೆಗೆಯುವ ಇದೇ ದೋಷಕ್ಕೆ ತೆತ್ತ ಬೆಲೆ ಇನ್ನೂ ದೊಡ್ಡದು. ಕುವೈತ್‌ನ ಸರ್ಕಾರಿ ಪೆಟ್ರೋಕೆಮಿಕಲ್ ಸಂಸ್ಥೆ ಅಮೆರಿಕದ ಡೌ ಕೆಮಿಕಲ್ ಜೊತೆ ಸೇರಿ 17.4 ಶತಕೋಟಿ ಡಾಲರ್ ಮೌಲ್ಯದ ಜಂಟಿ ಉದ್ಯಮಕ್ಕೆ ಸಹಿ ಹಾಕಿದ್ದು 2008ರ ಕೊನೆಯಲ್ಲಿ. ಜಗತ್ತಿನ ಮಾರುಕಟ್ಟೆ ಕುಸಿಯುತ್ತಿದ್ದ ಹೊತ್ತು ಅದು. ಈ ಬೆಲೆ ದುಬಾರಿಯಾಯಿತೆಂದು ಸದಸ್ಯರು ಎದ್ದುನಿಂತರು, ಪ್ರಧಾನಿಯನ್ನೇ ವಿಚಾರಣೆಗೆ ಎಳೆಯುವ ಬೆದರಿಕೆ ಬಂತು, ಡಿಸೆಂಬರ್ ಮುಗಿಯುವ ಮುಂಚೆ ಸರ್ಕಾರ ಒಪ್ಪಂದ ಮುರಿಯಿತು. ಡೌ ಮಧ್ಯಸ್ಥಿಕೆಗೆ ಹೋಯಿತು. 2012ರಲ್ಲಿ ತೀರ್ಪು ಬಂದು, ಮರುವರ್ಷ ಕುವೈತ್ ಸುಮಾರು 2.2 ಶತಕೋಟಿ ಡಾಲರ್ ಪರಿಹಾರ ಕಟ್ಟಿತು. ಆಗ ಮತ್ತೆ ಗದ್ದಲ, ಮತ್ತೆ ವಿಚಾರಣೆಯ ನೋಟಿಸು. ಎಣ್ಣೆ ಮಂತ್ರಿ ಹಾನಿ ಹುಸೇನ್ ರಾಜೀನಾಮೆ.

ಸದಸ್ಯರ ಆತಂಕ ನಿಜವಾದದ್ದೇ. ಮಾರುಕಟ್ಟೆ ಬಿದ್ದಾಗ ಆ ಬೆಲೆ ಸರಿಯೇ ಎಂದು ಕೇಳುವುದು ಅವರ ಕರ್ತವ್ಯ. ಆದರೆ ಆ ಪ್ರಶ್ನೆಗೆ ಸರಿಯಾದ ಕಾಲವಿತ್ತು. ಮಾತುಕತೆ ನಡೆಯುತ್ತಿದ್ದ ತಿಂಗಳುಗಳಲ್ಲಿ, ಸಹಿಗೆ ಮೊದಲು, ಒಬ್ಬ ಸದಸ್ಯ ಎಣ್ಣೆ ಮಂತ್ರಿಗೆ ಲಿಖಿತ ಪ್ರಶ್ನೆ ಹಾಕಿ, ಬೆಲೆ ನಿಗದಿಯ ಆಧಾರವೇನು, ಒಪ್ಪಂದ ಮುರಿದರೆ ದಂಡವೆಷ್ಟು ಎಂಬ ಎರಡು ಅಂಶಗಳಿಗೆ ಉತ್ತರ ಪಡೆದು, ಅದನ್ನು ಹಿಡಿದು ಪಟ್ಟು ಬಿಡದೆ ಕೂತಿದ್ದರೆ ಖರ್ಚಾಗುತ್ತಿದ್ದದ್ದು ಒಂದು ಹಾಳೆ ಕಾಗದ. ಸಹಿಯಾದ ಮೇಲೆ ಬಂದ ಅಬ್ಬರಕ್ಕೆ ದೇಶದ ಬೊಕ್ಕಸ ಬೆಲೆ ಕೊಟ್ಟಿತು.

ತಪ್ಪೆಲ್ಲ ಸದಸ್ಯರದ್ದೇ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆಗೆ ಉತ್ತರ ಬಾರದಿದ್ದರೆ, ತಡವಾಗಿ ಬಂದರೆ, ಬಂದದ್ದರಲ್ಲಿ ಹುರುಳಿಲ್ಲದಿದ್ದರೆ ಸದಸ್ಯ ಮುಂದಿನ ಮೆಟ್ಟಿಲು ಹತ್ತದೆ ಇನ್ನೇನು ಮಾಡಬೇಕು? ಬಹುತೇಕ ಮಂತ್ರಿಗಳಿಗೆ ಮತಕ್ಷೇತ್ರವಿಲ್ಲ, ಸದನದಲ್ಲಿ ಪಕ್ಷದ ಬೆಂಬಲವಿಲ್ಲ. ಕುವೈತ್‌ನಲ್ಲಿ ಕಾನೂನು ಮಾನ್ಯತೆಯ ರಾಜಕೀಯ ಪಕ್ಷಗಳೇ ಇಲ್ಲ. ಹಾಗಿರುವಾಗ ಉತ್ತರ ಕೊಟ್ಟು ಸಿಕ್ಕಿಬೀಳುವುದಕ್ಕಿಂತ ಖಾತೆ ಬಿಟ್ಟು ಹೊರಡುವುದು ಮಂತ್ರಿಗೆ ಸುಲಭ, ಸಂಪುಟ ಪುನರ್ರಚಿಸುವುದು ಸರ್ಕಾರಕ್ಕೆ ಸುಲಭ, ಸದನವನ್ನೇ ವಿಸರ್ಜಿಸುವುದು ಇನ್ನೂ ಸುಲಭ. 2006ರಿಂದ 2024ರವರೆಗಿನ 18 ವರ್ಷಗಳಲ್ಲಿ ಆ ದೇಶ 11 ಚುನಾವಣೆ ಕಂಡಿತು. ಅದರಲ್ಲಿ ಮೂರು ಚುನಾವಣೆಗಳನ್ನು ಸಂವಿಧಾನ ನ್ಯಾಯಾಲಯವೇ ರದ್ದು ಮಾಡಿತು. ಸದನ ವಿಸರ್ಜನೆಯಾದಾಗ ಬಾಕಿ ಇದ್ದ ಪ್ರಶ್ನೆಗಳ ಗತಿ ಏನಾಗುತ್ತದೆಂಬುದು ತಮಗೆ ಗೊತ್ತೇ ಇದೆ. ಒಂದು ರಸ್ತೆಯ ಖಾತರಿ ಅವಧಿಗಿಂತ ಸದನದ ಆಯುಸ್ಸು ಚಿಕ್ಕದಾಗಿಬಿಟ್ಟರೆ ಆ ರಸ್ತೆಗೆ ಉತ್ತರ ಹೇಳಬೇಕಾದವರೂ ಉಳಿಯುವುದಿಲ್ಲ, ಕೇಳಬೇಕಾದವರೂ ಉಳಿಯುವುದಿಲ್ಲ.

ಪ್ರಶ್ನೆಯ ಹಕ್ಕಿಗೆ ಮೇರೆ ಇಲ್ಲವೆ ಎಂಬುದೂ ಅಲ್ಲಿ ಗಂಭೀರವಾಗಿ ಚರ್ಚೆಯಾದ ವಿಷಯ. ಯಾರದೋ ಖಾಸಗಿ ಬದುಕಿನ ವಿವರವನ್ನು ಮಂತ್ರಿಯ ಬಾಯಿಂದ ಹೊರಡಿಸಲು ಪ್ರಶ್ನೆಯನ್ನು ಬಳಸಬಹುದೇ? ಸದಸ್ಯನ ಹಕ್ಕು ವ್ಯಕ್ತಿಯ ಖಾಸಗಿತನವನ್ನು ತುಳಿಯಬಾರದೆಂದು ಸಂವಿಧಾನ ನ್ಯಾಯಾಲಯ ವ್ಯಾಖ್ಯಾನಿಸಿದೆ. ಇದು ಒಪ್ಪತಕ್ಕ ಮಾತು. ಹಾಗೆಂದು ಖಾಸಗಿತನದ ಹೆಸರಿನಲ್ಲಿ ಗುತ್ತಿಗೆದಾರನ ಹೆಸರು ಮುಚ್ಚಿಡುವುದು ಒಪ್ಪತಕ್ಕದ್ದಲ್ಲ.

ಇನ್ನು ಮತವಿಲ್ಲದವರ ವಿಷಯಕ್ಕೆ ಬರುತ್ತೇನೆ. ನನ್ನ ಉಪನ್ಯಾಸದ ಭಾರವೆಲ್ಲ ಇಲ್ಲಿಯೇ ಇದೆ.

ಸಂಚಾರದಿಂದಲೇ ಆರಂಭಿಸೋಣ. ಕುವೈತ್‌ನಲ್ಲಿ ವಿದೇಶಿಯನೊಬ್ಬ ಡ್ರೈವಿಂಗ್ ಲೈಸೆನ್ಸ್ ಪಡೆಯಬೇಕಾದರೆ ಪದವಿ ಇರಬೇಕು, ತಿಂಗಳಿಗೆ 600 ದಿನಾರ್ ಸಂಬಳವಿರಬೇಕು, ಎರಡು ವರ್ಷ ಅಲ್ಲಿ ವಾಸವಾಗಿರಬೇಕು ಎಂಬ ಕಟ್ಟುಪಾಡು ಒಂದು ದಶಕದ ಹಿಂದೆ ಬಂತು. ಕೆಲವು ಉದ್ಯೋಗಗಳಿಗೆ ವಿನಾಯಿತಿ ಉಂಟು. ರಸ್ತೆಯ ದಟ್ಟಣೆ ಇಳಿಸುವುದು ಇದರ ಉದ್ದೇಶ. ನೂರಿನ್ನೂರು ದಿನಾರ್ ದುಡಿಯುವ ಹೋಟೆಲ್ ಹುಡುಗನಿಗೆ, ಅಂಗಡಿಯ ಸಹಾಯಕನಿಗೆ ಹೀಗಾಗಿ ಬಸ್ಸೇ ಗತಿ. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಷೇಧ ಹೇರುವಷ್ಟು ಬಿಸಿಲು ಅಲ್ಲಿಯದು. ಅದೇ ಹೊತ್ತಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತವನಿಗೆ ಯಾವ ನಿಷೇಧದ ರಕ್ಷಣೆಯೂ ಇಲ್ಲ. 1962ರಿಂದ ಇರುವ ಕುವೈತ್ ಸಾರ್ವಜನಿಕ ಸಾರಿಗೆ ಕಂಪನಿ ಎಷ್ಟು ಮಾರ್ಗಗಳಲ್ಲಿ ಎಷ್ಟು ನಿಮಿಷಕ್ಕೊಂದು ಬಸ್ಸು ಬಿಡುತ್ತದೆ, ಎಷ್ಟು ತಂಗುದಾಣಗಳಿಗೆ ನೆರಳಿದೆ ಎಂದು ಕೇಳಬೇಕಾಗಿದ್ದ ಸದಸ್ಯನಿಗೆ ಬಸ್ಸು ಹತ್ತುವ ಮತದಾರನಿರಲಿಲ್ಲ. ಅವನ ಮತದಾರರು ಕಾರಿನಲ್ಲಿ ಹೋಗುವವರು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಮತದಾರರ ಪಟ್ಟಿ ಎಲ್ಲಿ ನಿಲ್ಲುತ್ತದೋ ಸದಸ್ಯನ ಕಣ್ಣೂ ಅಲ್ಲಿಯೇ ನಿಲ್ಲುತ್ತದೆ.

ಆ ಸದನ ಪರದೇಶಿಗಳ ಪಾಲಿಗೆ ಕೆಲವೊಮ್ಮೆ ಕಠಿಣವಾಗಿಯೂ ಇತ್ತು. 2020ರಲ್ಲಿ ಪ್ರತಿ ದೇಶದವರಿಗೂ ಜನಸಂಖ್ಯೆಯಲ್ಲಿ ಇಂತಿಷ್ಟೇ ಪಾಲು ಎಂದು ಮಿತಿ ಹಾಕುವ ಮಸೂದೆಯ ಕರಡು ಬಂತು. ಭಾರತೀಯರಿಗೆ ಶೇ. 15 ಎಂದು ಅದರಲ್ಲಿತ್ತು. ಸದನದ ಕಾನೂನು ಸಮಿತಿ ಅದು ಸಂವಿಧಾನಬದ್ಧ ಎಂದಾಗ ಲಕ್ಷಾಂತರ ಕುಟುಂಬಗಳ ನಿದ್ದೆ ಕೆಟ್ಟಿತು. ಆ ಅಂಕಿಗಳು ಕೊನೆಗೆ ಕಾನೂನಾಗಲಿಲ್ಲ. ಆದರೆ ಅದೇ ಸದನ 2015ರಲ್ಲಿ ಮನೆಗೆಲಸದವರ ಕಾನೂನನ್ನು ಅಂಗೀಕರಿಸಿತ್ತು ಎಂಬುದನ್ನು ಮರೆಯಬಾರದು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ. ಕೊಲ್ಲಿಯ ನೆರೆಹೊರೆಯಲ್ಲಿ ಇಂಥ ಹಕ್ಕುಗಳನ್ನು ಕಾನೂನಿನಲ್ಲಿ ಬರೆದ ಮೊದಲಿಗರಲ್ಲಿ ಕುವೈತ್ ಒಂದು. ಆ ಕಾನೂನಿನಿಂದ ಲಾಭ ಪಡೆದ ಹೆಂಗಸರಲ್ಲಿ ಒಬ್ಬರಿಗೂ ಅಲ್ಲಿ ಮತವಿರಲಿಲ್ಲ.

ವೀಸಾ ದಂಧೆಯ ವಿಷಯವನ್ನೇ ನೋಡಿ. ದುಡ್ಡು ಪಡೆದು ಇಖಾಮಾ ಮಾರಿ, ಕೆಲಸ ಕೊಡದೆ ಬೀದಿಗೆ ಬಿಡುವವರ ಬಗ್ಗೆ ಅಲ್ಲಿನ ಸದನದಲ್ಲಿ ಮತ್ತೆ ಮತ್ತೆ ದನಿ ಎದ್ದಿತ್ತು. 2020ರಲ್ಲಿ ಬಾಂಗ್ಲಾದೇಶದ ಹಾಲಿ ಸಂಸದರೊಬ್ಬರು ಕುವೈತ್‌ನಲ್ಲಿ ಬಂಧನಕ್ಕೊಳಗಾಗಿ, ಮರುವರ್ಷ ಲಂಚದ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. ಕಾರ್ಮಿಕರನ್ನು ಕಳಿಸುವ ದೇಶದ ಸದನದಲ್ಲೇ ಕುಳಿತವರು ಕಾರ್ಮಿಕರ ಬೆವರಿನ ಮೇಲೆ ಬೆಳೆದಿದ್ದರು. ಕೇಳಬೇಕಾದವರೇ ಉತ್ತರ ಹೇಳಬೇಕಾದ ಸ್ಥಾನದಲ್ಲಿದ್ದರೆ ಪ್ರಶ್ನೆ ಹುಟ್ಟುವುದೆಲ್ಲಿಂದ?

2024ರ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಅವರು ಏಪ್ರಿಲ್‌ನಲ್ಲಷ್ಟೇ ಆಯ್ಕೆಯಾಗಿದ್ದ ಸದನವನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಸದನದ ಅಧಿಕಾರ ಅಮೀರರಿಗೂ ಸಂಪುಟಕ್ಕೂ ಸೇರಿತು. 1976ರಲ್ಲೂ 1986ರಲ್ಲೂ ಸದನದ ಬಾಗಿಲು ಹೀಗೆಯೇ ವರ್ಷಗಟ್ಟಲೆ ಮುಚ್ಚಿತ್ತು. ನಿರ್ಧಾರಗಳು ವೇಗವಾಗಿ ಬರುತ್ತಿವೆ ಎಂಬುದು ಇದರ ಪರ ಹೇಳುವವರ ವಾದ, ಅದರಲ್ಲಿ ಸತ್ಯವಿದೆ. 2017ರಿಂದ ಸದನದಲ್ಲಿ ತೂಗಾಡುತ್ತಿದ್ದ ಸಾರ್ವಜನಿಕ ಸಾಲದ ಕಾನೂನು 2025ರಲ್ಲಿ ಸುಗ್ರೀವಾಜ್ಞೆಯಾಗಿ ಹೊರಬಿತ್ತು. ಹೊಸ ಸಂಚಾರ ನಿಯಮ 2025ರ ಏಪ್ರಿಲ್ 22ರಿಂದ ಜಾರಿಯಾಯಿತು. ಗಾಡಿ ಓಡಿಸುತ್ತ ಫೋನ್ ಹಿಡಿದರೆ 75 ದಿನಾರ್ ದಂಡ. ರಸ್ತೆಯ ಶಿಸ್ತು ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ದಂಡ ಒಬ್ಬ ಚಾಲಕನ ತಿಂಗಳ ಸಂಬಳದ ಅರ್ಧವನ್ನು ನುಂಗುತ್ತದೆಯೇ ಎಂದು ಮಂತ್ರಿಯನ್ನು ಕೇಳಿ ಉತ್ತರವನ್ನು ಕಡತಕ್ಕೆ ಸೇರಿಸುವ ಒಬ್ಬ ಸದಸ್ಯನೂ ಇರಲಿಲ್ಲ.

ಸದನ ಮುಚ್ಚಿ ಒಂದು ತಿಂಗಳು ಕಳೆದಿತ್ತು. 2024ರ ಜೂನ್ 12ರ ನಸುಕಿನಲ್ಲಿ ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ಭಾರತೀಯರೇ ಕನಿಷ್ಠ 45. ಅರ್ಧದಷ್ಟು ಮಂದಿ ಕೇರಳದವರು, ನಮ್ಮ ಕಲಬುರಗಿಯ ಮನೆಯೊಂದಕ್ಕೂ ಶವಪೆಟ್ಟಿಗೆ ಬಂತು. ವಾಯುಪಡೆಯ ವಿಮಾನ ದೇಹಗಳನ್ನು ಕೊಚ್ಚಿಗೆ ತಂದಿತು. ಕುವೈತ್ ಸರ್ಕಾರ ಸುಮ್ಮನಿರಲಿಲ್ಲ: ತನಿಖೆ ನಡೆಯಿತು, ಪುರಸಭೆಯ ಅಧಿಕಾರಿಗಳು ಅಮಾನತಾದರು, ಕಟ್ಟಡಗಳ ತಪಾಸಣೆ ಆರಂಭವಾಯಿತು. ಆದರೆ ಬೆಂಕಿಗೆ ಮೊದಲಿನ ತಪಾಸಣೆ ಎಲ್ಲಿ ಹೋಗಿತ್ತು, ಆ ಕಟ್ಟಡಕ್ಕೆ ಎಷ್ಟು ಜನರ ಪರವಾನಗಿ ಇತ್ತು ಎಂದು ಕೇಳಿ ಉತ್ತರವನ್ನು ಜಗತ್ತಿನ ಮುಂದೆ ದಾಖಲೆ ಮಾಡುವ ವೇದಿಕೆ ಆ ದೇಶದಲ್ಲಿ ಆಗ ಇರಲಿಲ್ಲ. ಪ್ರಶ್ನೆಗಳು ಬಂದದ್ದು ದೆಹಲಿಯ ಸಂಸತ್ತಿನಲ್ಲಿ. ಉತ್ತರ ಕೊಟ್ಟದ್ದು ನಮ್ಮ ವಿದೇಶಾಂಗ ಖಾತೆ. ಮಂಗಫ್‌ನ ಕಟ್ಟಡದ ಮೆಟ್ಟಿಲುದಾರಿಯ ಮೇಲೆ ಆ ಖಾತೆಗೆ ಅಧಿಕಾರವಿಲ್ಲ.

ಹಾಗಾದರೆ ನಮ್ಮ ಸಂಸತ್ತಿನಲ್ಲಿ ಕೇಳುವುದು ವ್ಯರ್ಥವೇ? ಖಂಡಿತ ಅಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಮೊದಲಿನವು ಪ್ರಶ್ನೋತ್ತರ ವೇಳೆಯಲ್ಲಿ ಬಾಯಿಮಾತಿನ ಉತ್ತರಕ್ಕೆ, ಉಪಪ್ರಶ್ನೆಗೆ. ಉಳಿದವು ಲಿಖಿತ ಉತ್ತರಕ್ಕೆ. ಕೊಲ್ಲಿಯ ದೇಶಗಳಲ್ಲಿ ವರ್ಷಕ್ಕೆ ಎಷ್ಟು ಭಾರತೀಯರು ಸತ್ತರು, ಎಷ್ಟು ಜನ ಜೈಲಿನಲ್ಲಿದ್ದಾರೆ, ಸಂಬಳ ಬಾರದ ದೂರು ಎಷ್ಟು ಎಂಬ ಅಂಕಿಗಳು ದೇಶವಾರು ಹೊರಬರುವುದು ಬಹುಮಟ್ಟಿಗೆ ಈ ಚುಕ್ಕೆಯಿಲ್ಲದ ಉತ್ತರಗಳಿಂದಲೇ. ಪತ್ರಕರ್ತರು, ಸಂಶೋಧಕರು, ಕಾರ್ಮಿಕ ಸಂಘಟನೆಗಳು ಅವನ್ನೇ ಆಧರಿಸಿ ಮಾತನಾಡುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾದ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗಲೂ ಲಿಖಿತ ಉತ್ತರಗಳು ನಿಲ್ಲಲಿಲ್ಲ. ದನಿ ಇಲ್ಲದ ಅಧಿವೇಶನದಲ್ಲಿ ಕಾಗದವೊಂದೇ ಮಾತಾಡಿತು.

ನಮ್ಮ ವಿಧಾನಸಭೆಯ ಪ್ರಶ್ನೋತ್ತರದ ಹಾಳೆ ನೋಡಿದವರಿಗೆ ಅದರ ನಮೂನೆ ಪರಿಚಿತ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. "ಸರ್ಕಾರದ ಗಮನಕ್ಕೆ ಬಂದಿದೆಯೇ?" "ಬಂದಿದೆ." "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಇದಕ್ಕೆ ಒಂದು ಪ್ಯಾರಾ ಸುತ್ತೋಲೆಗಳ ಸಂಖ್ಯೆ. ಮೊದಲ ಅಂಶಕ್ಕೆ "ಇಲ್ಲ" ಎಂದುಬಿಟ್ಟರೆ ಉಳಿದವಕ್ಕೆಲ್ಲ "ಉದ್ಭವಿಸುವುದಿಲ್ಲ". ಗಮನಕ್ಕೆ ಬಂದಿದೆಯೇ ಎಂದು ಕೇಳಿದ್ದರಿಂದಲೇ ಆ ಬಾಗಿಲು ಮುಚ್ಚಿತು. ಇದರ ಬದಲು ಸಂಖ್ಯೆ ಕೇಳಬೇಕು, ದಿನಾಂಕ ಕೇಳಬೇಕು, ಆದೇಶದ ಪ್ರತಿ ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, 99ನೆಯ ವಿಧಿಯ ಆ ಮಾತಿದೆಯಲ್ಲ, ಮಂತ್ರಿಯ ಅಧಿಕಾರವ್ಯಾಪ್ತಿಗೆ ಸೇರಿದ ವಿಷಯ, ಅದನ್ನು ಮರೆಯಬಾರದು.

ಒಂದು ಉದಾಹರಣೆಯನ್ನು ವಿವರವಾಗಿ ತೆಗೆದುಕೊಳ್ಳುತ್ತೇನೆ. ರಂಜಾನ್, ಓಣಂ, ಶಾಲಾ ರಜೆ ಬಂತೆಂದರೆ ಕೊಲ್ಲಿಯಿಂದ ಊರಿಗೆ ಬರುವ ವಿಮಾನದ ದರ ಗಗನಕ್ಕೇರುತ್ತದೆ. ಪ್ರತಿ ಅಧಿವೇಶನದಲ್ಲೂ ಕರಾವಳಿಯ, ಕೇರಳದ ಸಂಸದರು ಇದನ್ನು ಕೇಳುತ್ತಾರೆ. ನಾಗರಿಕ ವಿಮಾನಯಾನ ಖಾತೆಯ ಉತ್ತರವೂ ಪ್ರತಿ ಸಲ ಒಂದೇ: 1994ರಲ್ಲಿ ವಾಯು ನಿಗಮಗಳ ಕಾಯಿದೆ ರದ್ದಾದ ಮೇಲೆ ದರ ನಿಗದಿ ಸರ್ಕಾರದ ಕೈಯಲ್ಲಿಲ್ಲ, 1937ರ ವಿಮಾನ ನಿಯಮಗಳ 135ನೆಯ ನಿಯಮದಂತೆ ಸಂಸ್ಥೆಗಳೇ ಸಮಂಜಸವಾದ ದರ ಹಾಕಿಕೊಳ್ಳುತ್ತವೆ. ಉತ್ತರ ಸರಿಯಾಗಿದೆ. ಪ್ರಶ್ನೆ ತಪ್ಪು ಬಾಗಿಲನ್ನು ಬಡಿದಿದೆ.

ಸರ್ಕಾರದ ಕೈಯಲ್ಲಿ ಪೂರ್ತಿಯಾಗಿ ಇರುವುದು ಬೇರೊಂದಿದೆ. ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು, ಯಾವ ಊರುಗಳಿಗೆ ಯಾರ ವಿಮಾನ ಎಂಬುದನ್ನು ಸರ್ಕಾರಗಳೇ ಒಪ್ಪಂದ ಮಾಡಿಕೊಳ್ಳುತ್ತವೆ. ಭಾರತ ಮತ್ತು ಕುವೈತ್ ನಡುವೆ ಈ ಮಿತಿ ಹತ್ತಿರ ಹತ್ತಿರ ಎರಡು ದಶಕ 12,000 ಸೀಟಿನಲ್ಲೇ ನಿಂತಿತ್ತು. 2025ರ ಜುಲೈನಲ್ಲಿ ಅದನ್ನು 18,000ಕ್ಕೆ ಏರಿಸಲಾಯಿತು. ಹತ್ತು ಲಕ್ಷ ಜನರಿಗೆ ವಾರಕ್ಕೆ 12,000 ಸೀಟು! ದರ ಏರುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಹುಡುಕಬೇಕೆ? ಅಷ್ಟು ವರ್ಷ ನಾವು ದರವನ್ನೇ ಕೇಳುತ್ತಿದ್ದೆವು, ಸೀಟನ್ನು ಕೇಳಿದ್ದು ಕಡಿಮೆ. ಮಂಗಳೂರಿಗೆ ವಿದೇಶಿ ಸಂಸ್ಥೆಗಳು ವಿಮಾನ ಹಾರಿಸುವ ಹಕ್ಕು ಇಂದಿಗೂ ಇಲ್ಲ, ಕಣ್ಣೂರಿಗೂ ಇಲ್ಲ. ಆ ಹಕ್ಕನ್ನು ಕೊಡುವುದೂ ಬಿಡುವುದೂ ಮಂತ್ರಿಯ ತೀರ್ಮಾನ; ಅದಕ್ಕೆ 135ನೆಯ ನಿಯಮದ ಮರೆ ಸಿಗದು.

ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು, ಉತ್ತರ ಕನ್ನಡ, ಕಾಸರಗೋಡು ಈ ನಾಲ್ಕು ಕ್ಷೇತ್ರಗಳ ಸಂಸದರಿಗೆ ಕುವೈತ್‌ನಲ್ಲಿ ದುಡಿಯುವವನ ಮತ ಸಿಗದೆ ಇರಬಹುದು. ಅವನ ತಂದೆತಾಯಿಯ, ಹೆಂಡತಿಯ, ಅಣ್ಣತಮ್ಮಂದಿರ ಮತ ಸಿಗುತ್ತದೆ. ಅಲ್ಲಿನ ಕನ್ನಡ, ತುಳು, ಬ್ಯಾರಿ, ಕೊಂಕಣಿ ಸಂಘಗಳು ರಾಜ್ಯೋತ್ಸವಕ್ಕೆ ಗಣ್ಯರನ್ನು ಕರೆಸಿ ಶಾಲು ಹೊದಿಸುವುದು ಚೆಂದವೇ. ಅದರ ಜೊತೆಗೆ ಪ್ರತಿ ಅಧಿವೇಶನಕ್ಕೆ ಮೊದಲು ಒಂದು ಹಾಳೆ ಪ್ರಶ್ನೆಗಳನ್ನು ಬರೆದು ಈ ನಾಲ್ವರಿಗೆ ತಲುಪಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಪ್ರಶ್ನೆಗೆ 15 ದಿನಗಳ ಪೂರ್ವಸೂಚನೆ ಬೇಕು, ಹಾಗಾಗಿ ಹಾಳೆ ತಿಂಗಳು ಮುಂಚೆ ಹೊರಡಬೇಕು. ಅದರಲ್ಲಿ ಈ ಮೂರು ಪ್ರಶ್ನೆಗಳಿರಲಿ. ಏರಿಸಿದ 6,000 ಸೀಟುಗಳಲ್ಲಿ ಮಂಗಳೂರಿನ ಪಾಲಿಗೆ ವಾರಕ್ಕೆ ಎಷ್ಟು ಬಂದಿವೆ. ಮಂಗಳೂರನ್ನು ವಿದೇಶಿ ಸಂಸ್ಥೆಗಳಿಗೆ ತೆರೆಯುವ ಕೋರಿಕೆ ಯಾವ ದಿನಾಂಕದಿಂದ ಖಾತೆಯ ಮುಂದಿದೆ, ಅದರ ಮೇಲೆ ಬರೆದ ಟಿಪ್ಪಣಿ ಏನು. ಮಂಗಫ್‌ನ ಬೆಂಕಿಯ ನಂತರ ನಮ್ಮ ರಾಯಭಾರ ಕಚೇರಿಯ ಅಧಿಕಾರಿಗಳು ಎಷ್ಟು ಕಾರ್ಮಿಕ ವಸತಿಗಳಿಗೆ ಖುದ್ದಾಗಿ ಹೋಗಿ ಬಂದಿದ್ದಾರೆ, ಯಾವ ಯಾವ ತಿಂಗಳು. ಈ ಮೂರರಲ್ಲಿ ಒಂದಕ್ಕೂ "ಉದ್ಭವಿಸುವುದಿಲ್ಲ" ಎಂದು ಬರೆಯಲು ಯಾವ ಮಂತ್ರಿಗೂ ಸಾಧ್ಯವಿಲ್ಲ.